ಕೆಂದೆತ್ತಿನ ಅಭಿಮಾನಿಗಳು

ಫುಟ್‌ಬಾಲ್ ಮೈದಾನ ಸಮ ಮಾಡುವ ಕಲ್ಲಿನ ರೋಲರನ್ನು ಒಂದು ಕೆಂಪು ಎತ್ತು, ಒಂದು ಬಿಳಿ ಎತ್ತು ಒಂದೇ ನೊಗದಲ್ಲಿ ಎಳೆಯುತ್ತಿದ್ದವು. ಕೆಂದೆತ್ತಿನ ಕಿವಿಯಲ್ಲಿ ರಕ್ತ ಹೀರುತ್ತ ಬದುಕಿದ್ದ ಉಣ್ಣೆಗಳು ಪಂದ್ಯ ನೋಡಿ ನೋಡಿ, ಈ ಎತ್ತುಗಳೂ ಎದುರಾಳಿ ತಂಡಗಳೇ ಎಂದು ನಂಬಿಬಿಟ್ಟಿದ್ದವು. ಕೆಂದೆತ್ತು ಒಂದು ಹೆಜ್ಜೆ ಮುಂದಿಟ್ಟರೆ ಸಾಕು, "ಗೆದ್ದೆವು!" ಎಂದು ಕೂಗುತ್ತಿದ್ದವು.

ಒಂದು ದಿನ ಬಿಳಿ ಎತ್ತು ಕುಂಟತೊಡಗಿತು.

"ನೋಡಿದಿರಾ? ಅದಕ್ಕೆ ಹಿಂಡಿ ನಿಂತುಹೋಗಿದೆಯಂತೆ. ಈಗ ಬರೀ ಒಣಹುಲ್ಲಂತೆ," ಎಂದಿತು ಒಂದು ಉಣ್ಣೆ.

"ಹಲ್ಲೂ ಉದುರಿವೆಯಂತೆ. ಎಷ್ಟು ಮೆರೆಯುತ್ತಿತ್ತು! ಆಗಬೇಕಾದ್ದೇ," ಎಂದಿತು ಇನ್ನೊಂದು.

ಕೆಂದೆತ್ತು ಏದುಸಿರು ಬಿಡುತ್ತ ಹೇಳಿತು: "ಅದು ಕುಂಟಿದಾಗಲೆಲ್ಲ ಕಲ್ಲಿನ ಭಾರ ನನ್ನ ಹೆಗಲಿಗೇ ಬೀಳುತ್ತಿದೆ. ಇವತ್ತಾದರೂ ಸ್ವಲ್ಪ ಕಡಿಮೆ ಹೀರಿ."

"ನೀನು ಸುಮ್ಮನೆ ಎಳೆ. ಇಷ್ಟು ವರ್ಷ ನಿನಗಾಗಿ ಕೂಗಿದವರು ನಾವು," ಎಂದು ಉಣ್ಣೆಗಳು ಗದರಿ, ಸಂಭ್ರಮಕ್ಕೆ ಇನ್ನೊಂದು ಗುಟುಕು ಹೀರಿದವು.

ಮಧ್ಯಾಹ್ನದ ಹೊತ್ತಿಗೆ ಬಿಳಿ ಎತ್ತು ಕುಸಿದು ಬಿತ್ತು. ಮತ್ತೆ ಏಳಲಿಲ್ಲ. "ಗೆದ್ದೆವು! ಗೆದ್ದೆವು!" ಎಂದು ಕಿವಿಯ ತುಂಬ ಗದ್ದಲವಾಯಿತು.

ಎತ್ತಿನವ ಕರಿಬಸಪ್ಪ ನೊಗ ಬಿಚ್ಚಿ ಕೆಳಗಿಟ್ಟ. ಕೆಂದೆತ್ತಿನ ಬೆನ್ನು ಸವರಿ, "ಒಂಟಿ ಎತ್ತಿಗೆ ನಾನೇನು ಕೆಲಸ ಕೊಡಲಿ, ಬಸವಾ?" ಎಂದ. ಆಮೇಲೆ ಮೂಗುದಾರ ಹಿಡಿದು ಅದನ್ನು ಕಟುಕನ ಮನೆಯ ಕಡೆ ನಡೆಸಿಕೊಂಡು ಹೊರಟ.

ಮೈದಾನದ ಗೇಟು ದಾಟುವಾಗ ಉಣ್ಣೆಗಳು ಪಕ್ಕಕ್ಕೆ ನೋಡಿದವು. ಬಿಳಿ ಎತ್ತು ಇರಲಿಲ್ಲ. ಹಿಂದಕ್ಕೆ ನೋಡಿದವು. ಅದು ದೂರದಲ್ಲಿ ಬಿದ್ದಿತ್ತು.

"ಅಬ್ಬಾ, ಎಷ್ಟು ಮುಂದೆ ಬಂದುಬಿಟ್ಟೆವು!" ಎಂದವು.