ಗಾಳಿಚೀಲದ ಹುಕುಂ

ಕುದುರೆ ಫಾರಮ್ಮಿನ ಯಜಮಾನರು ತಮ್ಮ ಪುಟ್ಟ ವಿಮಾನ ಮಾರಿ ಎಂಟು ವರ್ಷವಾಗಿತ್ತು. ರನ್‌ವೇಯ ಬಿರುಕುಗಳಲ್ಲಿ ಗರಿಕೆ ಬೇರೂರಿತ್ತು. ಆದರೂ ಕಂಬದ ಮೇಲಿನ ಹರಕು ಗಾಳಿಚೀಲ, ಪೈಲಟ್ಟಿಗೆ ಗಾಳಿಯ ದಿಕ್ಕು ತೋರಿಸುತ್ತಿದ್ದ ಕಾಲದ ಠೀವಿಯನ್ನು ಬಿಟ್ಟಿರಲಿಲ್ಲ.

ಒಂದು ಬೆಳಿಗ್ಗೆ ಟಿಟ್ಟಿಭ ಹಕ್ಕಿಯೊಂದು ರನ್‌ವೇಯ ನಟ್ಟನಡುವೆ ಮೂರು ಮೊಟ್ಟೆಯಿಟ್ಟು ಕಾವಿಗೆ ಕೂತಿತು.

“ಏಳಮ್ಮ ಮೇಲೆ! ಇದು ವಿಮಾನ ಇಳಿಯುವ ಜಾಗ,” ಎಂದು ಗಾಳಿಚೀಲ ಗದರಿತು.

“ಅದು ಬಂದಾಗ ಏಳುತ್ತೇನೆ ಸ್ವಾಮಿ,” ಎಂದಿತು ಹಕ್ಕಿ.

ವಿಮಾನ ಬರಲಿಲ್ಲ, ಮರಿಗಳು ಬಂದವು. ಅವುಗಳ ರೆಕ್ಕೆ ಬಲಿಯುತ್ತಿದ್ದಾಗ ಒಂದು ದಿನ ಪಡುವಣ ಬೇಲಿಯಿಂದ ಮುಂಗುಸಿ ನುಗ್ಗಿತು. ಮರಿಗಳು ಮೂಡಣಕ್ಕೆ ಓಡಿದವು. ಎಷ್ಟು ರೆಕ್ಕೆ ಬಡಿದರೂ ಮೇಲೇಳಲಿಲ್ಲ.

ಗಾಳಿಚೀಲಕ್ಕೆ ತಡೆಯಲಾಗಲಿಲ್ಲ. “ದಡ್ಡರಾ, ಗಾಳಿಗೆ ಬೆನ್ನು ಕೊಟ್ಟರೆ ಯಾರು ಹಾರುತ್ತಾರೆ? ಪಡುವಣಕ್ಕೆ ತಿರುಗಿ!”

“ಅಲ್ಲಿ ಮುಂಗುಸಿ ಇದೆಯಲ್ಲ!” ಎಂದು ತಾಯಿ ಕಿರುಚಿತು.

“ಗಾಳಿಯೂ ಅಲ್ಲಿಂದಲೇ ಬರುತ್ತಿದೆ. ಮರಿಗಳನ್ನು ಅತ್ತಲೇ ಓಡಿಸು!”

ಮರಿಗಳು ತಿರುಗಿ ಓಡಿದವು. ಮುಂಗುಸಿಯ ಮೂಗು ಸವರಿಕೊಂಡೇ ಮೂರೂ ಆಕಾಶಕ್ಕೆದ್ದವು.

ಮಾರನೆಯ ದಿನ ಗರಿಕೆ ಮೇಯಲು ಆಡೊಂದು ಬಂತು. “ಆಚೆ ನಡಿ!” ಎಂದಿತು ಗಾಳಿಚೀಲ.

“ಈ ಪಾಳು ಜಾಗದಲ್ಲಿ ನಿನ್ನದೇನು ಕಾರುಬಾರು?” ಎಂದಿತು ಆಡು.

ಗಾಳಿಚೀಲ ಹರಕು ಹೊಟ್ಟೆಯನ್ನು ಉಬ್ಬಿಸಿ ಹೇಳಿತು: “ಪಾಳೇ? ನಿನ್ನೆಯಷ್ಟೇ ಇಲ್ಲಿಂದ ಮೂರು ವಿಮಾನ ಹಾರಿವೆ!”