ದುಂಡವ್ವನ ಮುನಿಸು

ಹಾಲುಗುಂಡಿ ಮಠದ ಪೂಜ್ಯ ಗುರುಪಾದಯ್ಯ ಅಜ್ಜನವರಿಗೆ ಗದ್ದುಗೆಯ ಮೇಲೆ ಕೂತು ಅಭ್ಯಾಸವೇ ಇರಲಿಲ್ಲ. ಮುಂಜಾನೆಯ ಲಿಂಗಪೂಜೆ ಮುಗಿದದ್ದೇ ಅಡುಗೆಮನೆಯ ಹಿಂದಿನ ಬೇವಿನ ಕಟ್ಟೆಗೆ ಬಂದು, ದಾಸೋಹದ ಸೊಪ್ಪು ಸೋಸುವ ಹೆಂಗಸರ ನಡುವೆ ತಾವೂ ಒಬ್ಬರಾಗಿ ಕುಳಿತುಬಿಡುತ್ತಿದ್ದರು. ದೂರದಿಂದ ಬಂದವರು ಎಷ್ಟೋ ಸಲ ಅವರನ್ನೇ "ಅಜ್ಜಾರು ಎಲ್ಲಿದ್ದಾರ್ರೀ?" ಎಂದು ಕೇಳಿದ್ದುಂಟು.

ಒಂದು ದಿನ ಆ ಕಟ್ಟೆಗೆ ದುಂಡವ್ವ ಬಂದಳು. ಆಸ್ಪತ್ರೆಯೆಂಬುದು ಹದಿನೆಂಟು ಮೈಲಿ ದೂರವಿದ್ದ ಕಾಲವದು. ಸುತ್ತಿನ ಏಳೂರಿಗೂ ಅವಳೇ ಸೂಲಗಿತ್ತಿ. ಐದು ತಿಂಗಳ ಹಿಂದೆ ಅವಳ ಒಬ್ಬಳೇ ಮಗಳು ಕಾಶವ್ವ ಬಾಣಂತನಕ್ಕೆಂದು ತವರಿಗೆ ಬಂದು, ತಾಯಿಯ ಕೈಯಲ್ಲೇ ಹೆಣ್ಣುಕೂಸು ಹಡೆದು, ಅದೇ ಕೈಯಲ್ಲಿ ಕಣ್ಣು ಮುಚ್ಚಿದ್ದಳು. ಕೂಸು ಉಳಿಯಿತು. ಅದರ ಮುಖ ನೋಡುವ ಧೈರ್ಯವಾಗದೆ ದುಂಡವ್ವ ಅದನ್ನು ಬೀಗರ ಮನೆಗೆ ಕಳಿಸಿಬಿಟ್ಟಳು. ಆಮೇಲೆ ಯಾರು ಕರೆದರೂ ಹೆರಿಗೆಗೆ ಹೋಗಲಿಲ್ಲ.

ಬಂದವಳು ಅಡ್ಡಬೀಳಲಿಲ್ಲ. ಕೊರಳಿನ ಶಿವದಾರ ಕಳಚಿ, ಕರಡಿಗೆಯ ಸಮೇತ ಇಷ್ಟಲಿಂಗವನ್ನು ಅಜ್ಜನವರ ಮುಂದಿಟ್ಟಳು.

"ಹುಟ್ಟಿದಾಗ ನಿಮ್ಮ ಮಠದವರೇ ಕಟ್ಟಿದ್ದು. ನೀವೇ ಇಟ್ಕೊಳ್ರಿ. ನನಗ ಬ್ಯಾಡ."

ಕಟ್ಟೆಯ ಮೇಲಿನ ಹೆಂಗಸರು "ಶಿವಶಿವಾ!" ಎಂದು ಕಿವಿ ಮುಚ್ಚಿಕೊಂಡರು. ಅಜ್ಜನವರು ಕೈ ತೊಳೆದು ಬಂದು, ಲಿಂಗವನ್ನೆತ್ತಿ ಕಣ್ಣಿಗೊತ್ತಿಕೊಂಡರು.

"ನಿನ್ನ ಶಿವನ ಕೂಡ ಈ ಮಾತು ಆಡಿದಿಯೇನವ್ವಾ?"

"ಮಗಳು ಹೋದ ದಿನದಿಂದ ಅವನ ಕೂಡ ಮಾತು ಬಿಟ್ಟೀನ್ರಿ."

"ಮುನಿಸು ಅವನ ಮ್ಯಾಲ, ಹೇಳೂದು ನನ್ನ ಮುಂದ! ಹಂಗಾದ್ರ ಹೆಂಗ? ಇಲ್ಲೇ ಇಟ್ಟಿರ್ತೀನಿ. ದಿನಾ ಮುಂಜಾನೆ ಬಾ. ಹೊಗಳಬ್ಯಾಡ, ಬೇಡಬ್ಯಾಡ. ಬೈದು ಹೋಗು."

ಗುರುಗಳು ಗದರಿಸುವರೆಂದುಕೊಂಡು ಬಂದಿದ್ದವಳು ಬರಿಗೊರಳಲ್ಲೇ ಮನೆಗೆ ತಿರುಗಿದಳು. ಆದರೂ ಮರುದಿನ ಬಂದಳು. ಅಜ್ಜನವರು ಮಠದ ಮೂಲೆಯ ಸಣ್ಣ ಕೋಣೆಯಲ್ಲಿ ಲಿಂಗವನ್ನಿರಿಸಿ, ಎದುರಿಗೊಂದು ಕಂಬಳಿ ಹಾಸಿ ಹೊರಗೆ ಹೋದರು. ಅವಳು ಎರಡು ದಿನ ಲಿಂಗಕ್ಕೆ ಬೆನ್ನು ಮಾಡಿ ಕೂತು ಎದ್ದುಹೋದಳು. ಮೂರನೆಯ ದಿನ ಸಹನೆಯ ಕಟ್ಟೆ ಒಡೆಯಿತು.

"ಎಷ್ಟು ಮಂದಿ ಕೂಸು ಈ ಕೈಯಾಗ ಭೂಮಿಗೆ ಬಂದಾವು, ನೀ ಬಲ್ಲಿ! ನನ್ನ ಮಗಳಿಗೇ ಯಾಕ ಈ ಕೈ ಸೋತ್ವು? ನೀ ಆಗ ಎಲ್ಲಿ ಹಾಳಾಗಿ ಹೋಗಿದ್ದಿ?"

ಅಂಗಳದವರೆಗೂ ಕೇಳುವ ಹಾಗೆ ಬೈದಳು. ದಿನಾ ಬೈದಳು. ಬೈಯುತ್ತ ಬೈಯುತ್ತ ಒಂದು ದಿನ ಅತ್ತಳು. ಅತ್ತ ಮೇಲೆ ಕಾಶವ್ವ ಸಣ್ಣವಳಿದ್ದಾಗ ಬೆಲ್ಲ ಕದ್ದು ಕಪಾಟಿನ ಹಿಂದೆ ಅಡಗಿದ್ದು, ಮದುವೆಯ ದಿನ ಸೀರೆಯ ನಿರಿಗೆ ನಿಲ್ಲದೆ ಸಿಟ್ಟು ಮಾಡಿಕೊಂಡದ್ದು ನೆನಪಾಗಿ, ಯಾರಿಗೂ ಹೇಳದ ಆ ಮಾತುಗಳನ್ನೆಲ್ಲ ಅವನಿಗೆ ಹೇಳಿದಳು. ಬೆಳಗಾದರೆ ಕಾಲು ತಾವಾಗಿಯೇ ಮಠದ ಕಡೆ ತಿರುಗುತ್ತಿದ್ದವು. ಅದು ಯಾಕೆಂದು ಅವಳಿಗೇ ತಿಳಿಯದು.

ಹತ್ತೊಂಬತ್ತನೆಯ ದಿನ ಕೋಣೆಯಿಂದ ಹೊರಬಂದು ಅಜ್ಜನವರ ಎದುರು ಕುಸಿದು ಕುಳಿತಳು.

"ನಾನಽ ಮಾತಾಡಿ ಮಾತಾಡಿ ಸಾಕಾಗೇತ್ರೀ ಅಜ್ಜಾರ. ಅವ ಒಂದ್ ದಿನಾನೂ ತಿರುಗಿ ಮಾತಾಡಲಿಲ್ಲ."

ಅಜ್ಜನವರು ಸೊಪ್ಪಿನ ಕಡ್ಡಿಯನ್ನು ಕೆಳಗಿಟ್ಟರು.

"ಹತ್ತೊಂಬತ್ತು ದಿನ ಬಾಯಿಗೆ ಬಂದಂಗ ಬೈದಿ. ಅವ ಎದ್ದು ಹೋದನೇನವ್ವಾ?"

ದುಂಡವ್ವ ಕೋಣೆಯ ಕಡೆ ತಿರುಗಿ ನೋಡಿದಳು. ಗಂಡ ಸತ್ತಾಗ ಬಂಧುಗಳು ಮೂರು ದಿನ ಕೂತು ಎದ್ದುಹೋಗಿದ್ದರು. ಮಗಳು ಹೋದ ಮೇಲೆ ನೆರೆಯವರಿಗೂ ಅವಳ ಅಳು ಬೇಸರ ತರಿಸಿತ್ತು. ಇವನೊಬ್ಬ ಮಾತ್ರ ಅಷ್ಟೂ ಮಾತನ್ನು ಕೇಳಿಕೊಂಡು ಕುಳಿತೇ ಇದ್ದ.

ಆ ಹೊತ್ತಿಗೇ ಕುಂಬಾರ ಓಣಿಯ ಯಮನಪ್ಪ ಏದುಸಿರು ಬಿಡುತ್ತ ಓಡಿಬಂದ.

"ದುಂಡವ್ವಾ, ನಿನ್ನ ಕಾಲು ಹಿಡೀತೀನಿ! ನಿನ್ನೆಯಿಂದ ಬ್ಯಾನಿ ತಿನ್ನಾಕತ್ಯಾಳ ನನ್ನ ಹೇಣ್ತಿ. ಕೂಸು ಅಡ್ಡ ನಿಂತೈತಂತ."

ದುಂಡವ್ವ ಅಜ್ಜನವರ ಮುಖ ನೋಡಿದಳು. ಅವರು ಹೋಗೆನ್ನಲಿಲ್ಲ, ಬೇಡವೆನ್ನಲಿಲ್ಲ. ತಟ್ಟನೆ ಎದ್ದವಳು ಕೋಣೆಗೆ ಹೋಗಿ ಲಿಂಗವನ್ನು ಅಂಗೈಯಲ್ಲಿ ತಂದಳು.

"ನನ್ನ ಕೈಯಾಗ ಏನೂ ಇಲ್ಲಪಾ, ನನಗ ಅಂಜಿಕಿ ಐತಿ," ಎಂದು ಅಂಗೈಯಲ್ಲಿದ್ದ ಶಿವನಿಗೇ ಹೇಳಿದಳು. "ಏಳು, ನೀನೂ ಬಾ."

ಅಜ್ಜನವರು ಎದ್ದು ನಿಂತು ತಮ್ಮ ಕೈಯಾರೆ ಅವಳ ಕೊರಳಿಗೆ ಶಿವದಾರ ಕಟ್ಟಿದರು. ಅವರ ಕಣ್ಣು ತುಂಬಿದ್ದನ್ನು ಅಲ್ಲಿದ್ದವರೆಲ್ಲ ಕಂಡರು.

ಅಂದು ಮಧ್ಯಾಹ್ನ ದುಂಡವ್ವನ ಕೈಯಲ್ಲಿ ಕುಂಬಾರರ ಕೂಸು ಅತ್ತಿತು. ತಾಯಿಯೂ ಉಳಿದಳು. ಬಾಣಂತಿಗೆ ನೀರು ಹಾಕಿ, ತಾನೂ ಮಿಂದು, ಅವಳು ಮನೆಗೆ ಹೋಗದೆ ನೇರವಾಗಿ ಪಕ್ಕದೂರಿನ ಬೀಗರ ಮನೆಯ ದಾರಿ ಹಿಡಿದಳು.

ಬದುಕಿನ ಕೊನೆಯವರೆಗೂ ಅವಳ ಲಿಂಗಪೂಜೆ ಒಂದು ದಿನವೂ ತಪ್ಪಲಿಲ್ಲವೆಂದು ಮಠದ ಹಿರಿಯರು ಹೇಳುತ್ತಾರೆ. ಮೊದಲ ದಿನದ ಪೂಜೆ ಮಾತ್ರ ಬೀಗರ ಪಡಸಾಲೆಯಲ್ಲಿ ನಡೆಯಿತು. ಐದು ತಿಂಗಳು ತುಂಬಿದ ಮೊಮ್ಮಗಳನ್ನು ಮೊದಲ ಸಲ ತೊಡೆಯ ಮೇಲೆ ಮಲಗಿಸಿಕೊಂಡು, ಎಡಗೈಯಲ್ಲಿ ಲಿಂಗವನ್ನಿರಿಸಿಕೊಂಡು, ಅವಳು ಕೂಸಿನ ಮುಖವನ್ನು ಕಣ್ತುಂಬ ನೋಡಿದಳು. ಆಮೇಲೆ ಅಂಗೈಯನ್ನು ಕೂಸಿನ ಮುಖದ ಹತ್ತಿರ ತಂದು ಮೆಲ್ಲಗೆ ಹೇಳಿದಳು:

"ನೋಡಪಾ, ಮೂಗು ಥೇಟ್ ನಮ್ಮ ಕಾಶವ್ವಂದಽ ಐತಿ."