ಗದಿಗೆಪ್ಪ ರೇಡರ್ ಹುಡುಕಿದ್ದು

ಬುದ್ಧಿವಂತರ ಕತಿ ಕೇಳಿ ಯಾರ ಹೊಟ್ಟಿ ತುಂಬೇತಿ? ದಡ್ಡನ ಕತಿ ಹೇಳ್ತೀನಿ, ಹತ್ತರ ಬರ್ರಿ. ನಗು ಬಂದ್ರ ನಗ್ರಿ, ಆದ್ರ ಭಾಳ ಜೋರಾಗಿ ನಗಬ್ಯಾಡ್ರಿ. ಇಂಥಾವ ಒಬ್ಬ ಎಲ್ಲಾರ ಮನ್ಯಾಗೂ ಇರ್ತಾನ. ಮನ್ಯಾಗ ಇಲ್ಲಂದ್ರ ಕನ್ನಡ್ಯಾಗ ಇರ್ತಾನ.

ಮುದೇನಕೊಪ್ಪದ ಬಸ್‌ಸ್ಟ್ಯಾಂಡ್ ಹಿಂದ ತಂಗೆವ್ವನ ಖಾನಾವಳಿ. ಆಕಿ ರೊಟ್ಟಿ ಬಡಿದ್ರ ಓಣಿ ತುಂಬ ಸಪ್ಪಳ, ಆಕಿ ಬೈದ್ರ ಊರ ತುಂಬ ಸಪ್ಪಳ. ಬೈಗುಳ ಎಲ್ಲಾ ಒಬ್ಬನಿಗೇ, ಮಗ ಗದಿಗೆಪ್ಪಗ. ಆಳೆತ್ತರ ಬೆಳೆದಿದ್ದ, ಮೀಸಿ ಬಂದಿತ್ತು, ಕೆಲಸಕ್ಕ ಬೆನ್ನು ತೋರಿಸಾಂವ ಅಲ್ಲ. ಒಂದ ಕೊರತಿ. ಹೇಳಿದ ಮಾತು ಹೇಳಿದಂಗ ಮಾಡ್ತಿದ್ದ. "ಹಾಲಿನ ಮ್ಯಾಲೆ ಕಣ್ಣಿಡೋ" ಅಂದ್ರ ಪಾತೇಲಿ ಮ್ಯಾಲೆ ಬಗ್ಗಿ ಹಬಿಗೆ ಕಣ್ಣು ಉರಿಸಿಕೊಳ್ತಿದ್ದ. ಹಾಲು ಉಕ್ಕಿ ಒಲಿ ಪಾಲಾಗ್ತಿತ್ತು.

"ನಾ ಏನ್ ಮಾಡ್ಲಿ ಯವ್ವಾ?" ಅಂತ ತಾನೂ ನಗ್ತಿದ್ದ. "ಮಾತು ಕಿವ್ಯಾಗ ಬರತೈತಿ, ಒಳಗ ನೋಡಿದ್ರ ಯಾರೂ ಇಲ್ಲ. ಪಾಪ, ಅದು ಸೀದಾ ಕೈಗೆ ಬಂದುಬಿಡತೈತಿ."

ಆ ಊರಾಗ ಸುಗ್ಗಿ ಮುಗೀತಂದ್ರ ಕಬಡ್ಡಿ. ಸುತ್ತಲ ಹಳ್ಳಿ ತಂಡಗಳು ಆಯಿತವಾರಕ್ಕೊಮ್ಮೆ ಸಾಲಿ ಬಯಲಾಗ ಆಡ್ತಿದ್ವು. ಆಡೋರ ಆಟ ಒಂದು, ನೋಡೋರ ಆಟ ಇನ್ನೊಂದು. ನೋಡೋರ ಆಟಕ್ಕ ಹುಣಸಿಬೀಜದ ಆಟ ಅಂತ ಹೆಸರು. ಓಣಿ ಅಂಗಡಿಯವರೆಲ್ಲ ಒಂದೊಂದು ಹಿಡಿ ಹುಣಸಿಬೀಜ ಹಿಡಕೊಂಡು ಮೌಲಾಸಾಬನ ಸೈಕಲ್ ಅಂಗಡಿ ಮುಂದ ಕೂಡ್ತಿದ್ರು. ರೇಡರ್ ಅಂದ್ರ ಗೊತ್ತಲ್ಲ, 'ಕಬಡ್ಡಿ ಕಬಡ್ಡಿ' ಅನಕೋತ ಎದುರಿನವರ ಅಂಗಳಕ್ಕ ನುಗ್ಗಿ ಮುಟ್ಟಿ ಬರಾಂವ. ಅಂಥವರ ಹೆಸರು ಕೂಗೋದು. ಯಾರು ಹೆಚ್ಚು ಬೀಜ ಇಟ್ರೋ ರೇಡರ್ ಅವರಿಗೆ. ಅಂವ ಬಯಲಾಗ ಗಳಿಸಿದ ಪಾಯಿಂಟು ಇವರ ಹೆಸರಿಗೆ. ವಾರ ವಾರ ರೇಡರನ್ನ ಬದಲಿ ಮಾಡಬಹುದು, ಆದ್ರ ಹಿಡಿ ಬೀಜ ಆಟ ಮುಗಿಯೂತನಕ ಬಾಳಿಸಬೇಕು. ಅದಕ್ಕ ಕಡಿಮಿ ಬೀಜಕ್ಕ ಚಲೋ ರೇಡರ್ ಹುಡುಕಾಂವನ ಜಾಣ.

ಕಡೀಕ ಎಲ್ಲಾರಕಿಂತ ಕೆಳಗ ಉಳಿದವರು ಓಣಿಗೆಲ್ಲ ಹೋಳಿಗಿ ಊಟ ಹಾಕಬೇಕು. ಬರೇ ಹಾಕಿದ್ರ ಆಗೂದಿಲ್ಲ. ಒಬ್ಬೊಬ್ಬರ ಎಲಿ ಮುಂದ ನಿಂತು "ನಾವು ದಡ್ಡರು, ಹೋಳಿಗಿ ತಗೋರಿ" ಅನ್ನಬೇಕು. ಹೋದ ವರ್ಷ ಹಂಗ ಅಂದಾಕಿ ತಂಗೆವ್ವ. ಅದರ ಹಿಂದಿನ ವರ್ಷಾನೂ ತಂಗೆವ್ವ. ಗದಿಗೆಪ್ಪಗ ಆ ಮಾತು ಅನ್ನಾಕ ಏನೂ ತ್ರಾಸ ಇರಲಿಲ್ಲ, ಖರೇನ ಐತಲ್ಲ! ಆದ್ರ ಅವ್ವ ಅನ್ನುವಾಗ ಆಕಿ ದನಿ ನಡುಗಿದ್ದು ಅವನ ಕಿವ್ಯಾಗ ಉಳಿದಿತ್ತು. ಬ್ಯಾರೆ ಮಾತಿನಂಗ ಅದು ಕೈಗೆ ಬಂದು ಹೋಗಲಿಲ್ಲ, ಎದ್ಯಾಗ ಕುಂತುಬಿಟ್ಟಿತ್ತು.

ತಂಗೆವ್ವ ತವರುಮನ್ಯಾಗ ಅಣ್ಣಂದಿರ ಜೋಡಿ ಕಬಡ್ಡಿ ಆಡಿ ಬೆಳದಾಕಿ. ರೇಡರ್‌ನ ಉಸಿರು ಕೇಳಿ ಅಂವ ಹೊಳ್ಳಿ ಬರ್ತಾನೋ ಇಲ್ಲೋ ಹೇಳಾಕಿ. ಆದ್ರ ಬೀಜ ಇಡೋ ಹೊತ್ತು ಊಟದ ಹೊತ್ತು, ಹಂಚು ಬಿಟ್ಟು ಹೋಗಂಗಿಲ್ಲ. ಮಗನ್ನ ಕಳಿಸದ ಗತಿ ಇಲ್ಲ.

"ನೋಡೋ ಗದಿಗ್ಯಾ, ಎಲ್ಲಾರೂ ಹೆಸರಾದವರ ಹಿಂದ ಬೀಳ್ತಾರ. ನೀ ಬೀಳಬ್ಯಾಡ. ಎಲಿಮರಿ ಕಾಯಿ ಹುಡುಕು!"

"ಹೂಂ ಯವ್ವಾ, ಎಲಿಮರಿ ಕಾಯಿ!"

ಹೋದ. ಸಾಲಿ ಬಯಲ ಸುತ್ತ ಇದ್ದ ಬೇವಿನ ಗಿಡ ಒಂದೊಂದಾಗಿ ನೋಡಿದ. ಎಲಿ ಸರಿಸಿದ, ಟೊಂಗಿ ಸರಿಸಿದ. ಒಂದ ಗಿಡದಾಗ, ದಟ್ಟ ಎಲಿ ಹಿಂದ, ಆಡಿಗೆ ಸೊಪ್ಪು ಕಡಿಯಾಕ ಹತ್ತಿದ್ದ ಮುದುಕ ಕಂಡ. ಗದಿಗೆಪ್ಪಗ ಸಂತೋಷ ಅಂದ್ರ ಸಂತೋಷ! ಮುದುಕನ ಹೆಸರು ಕೇಳಿಕೊಂಡು ಮೌಲಾಸಾಬನ ಅಂಗಡಿಗೆ ಓಡಿದ, ಬೀಜ ಇಟ್ಟ, ಹೆಸರು ಬರೆಸಿದ.

"ಯಾವ ತಂಡದಾಂವೋ?" ಅಂತ ಮೌಲಾಸಾಬ ಕೇಳಿದ.

"ಗಿಡದಾಗಿನಾಂವ!"

ಆಯಿತವಾರ ಮುದುಕ ಆಡು ಮೇಯಿಸಿದ. ತಂಗೆವ್ವನ ಹೆಸರಿಗೆ ಸೊನ್ನಿ.

"ಅಯ್ಯೋ ನನ್ನ ಹಣೀಬರಹ!" ಅಂತ ತಂಗೆವ್ವ ಲಟ್ಟಣಗಿ ಎತ್ತಿದ್ಲು. "ಎಲಿಮರಿ ಕಾಯಿ ಅಂದ್ರ ಗಿಡ ಹತ್ತಿದಾಂವ ಅಲ್ಲೋ! ಯಾರ ಕಣ್ಣಿಗೂ ಬೀಳದಾಂವ!"

"ನನ್ನ ಕಣ್ಣಿಗೂ ಬೀಳದಿದ್ರ ನಾ ಹ್ಯಾಂಗ ಹುಡುಕ್ಲಿ ಯವ್ವಾ?"

"ಬಾಯಿ ಮುಚ್ಚು! ಮುಂದಿನ ವಾರ ಹಸಿದಾಂವನ್ನ ನೋಡು. ಹೊಟ್ಟಿ ತುಂಬಿದ ರೇಡರ್ ಓಡೂದಿಲ್ಲ, ಹಸಿದಾಂವ ಹುಲಿ ಆಗ್ತಾನ!"

"ಹೂಂ ಯವ್ವಾ, ಹಸಿದಾಂವ!"

ಹೋದ. ತಂಡ ತಂಡದ ಮುಂದ ನಿಂತು ಕೂಗಿದ: "ಯಾರಿಗೆ ಹಸಿವಾಗೇತ್ರಿ? ಹಸಿದವರು ಯಾರ್ರಿ?" ಒಬ್ಬ ದಪ್ಪ ರೇಡರ್ ಕೈ ಎತ್ತಿದ. ಮುಂಜಾನೆ ತಿಂದದ್ದು ಕರಗಿ ಎಷ್ಟೋ ಹೊತ್ತಾಗೇತಿ ಅಂತ ಹೊಟ್ಟಿ ಸವರಿಕೊಂಡ. ಗದಿಗೆಪ್ಪ ಬೀಜ ಇಟ್ಟು ಅವನ್ನ ಹಿಡಿದ.

ಆದ್ರ ಖಾನಾವಳಿ ಮಗ ನೋಡ್ರಿ, ಹಸಿದವರನ್ನ ಕಂಡು ಸುಮ್ಮನ ಇರೋ ರಕ್ತ ಅಲ್ಲ. ಆಯಿತವಾರ ಬುತ್ತಿ ಹೊತ್ತುಕೊಂಡು ಬಯಲಿಗೆ ಹೋದ. ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಮ್ಯಾಲೆ ಗಡಿಗಿ ಮೊಸರು. ದಪ್ಪನ್ನ ರೇಡರ್ ಬುತ್ತಿ ತಳ ಕಾಣೂತನಕ ಉಂಡ. ಆಟ ಶುರು ಆತು. ಅಂವ ನಡುಗೆರಿ ದಾಟಿದ, 'ಕಬ' ಅಂದ, 'ಡ್ಡಿ' ಬರೋಕಿಂತ ಮೊದಲ ದೊಡ್ಡ ತೇಗು ಬಂತು. ಉಸಿರು ಕಡೀತು, ಔಟ್! ಮತ್ತ ಹೋದ, ಮತ್ತ ತೇಗು, ಮತ್ತ ಔಟ್!

"ಹೊಟ್ಟಿ ಹಸಿವಲ್ಲೋ ಖೋಡಿ, ಆಟದ ಹಸಿವು!" ತಂಗೆವ್ವ ಹಣಿ ಹಣಿ ಬಡಕೊಂಡ್ಲು. "ಮ್ಯಾಲೆ ನನ್ನ ಎಣಗಾಯಿ ಬ್ಯಾರೆ ಹೋತು!"

"ಚಲೋ ಆಗಿತ್ತಂತ ಯವ್ವಾ. ಅಂವ ಹೇಳಂದಾನ."

ತಂಗೆವ್ವನ ತುಟಿ ತುಸು ಅಲುಗಾಡಿತು, ಆದ್ರ ನಗಲಿಲ್ಲ. "ಕೇಳಿಲ್ಲಿ. ಮಾರಿ ನೋಡಿ ಮರುಳಾಗಬ್ಯಾಡ. ಬರೇ ಕಾಲು ನೋಡು. ಯಾವ ಕಾಲು ನಿಂತಲ್ಲಿ ನಿಲ್ಲೂದಿಲ್ಲ, ಯಾವ ಕಾಲು ಯಾರ ಕೈಗೂ ಸಿಗೂದಿಲ್ಲ, ಆ ಕಾಲು ತಗೋ!"

"ಹೂಂ ಯವ್ವಾ, ಮಾರಿ ಬ್ಯಾಡ, ಕಾಲು!"

ಅಭ್ಯಾಸದ ದಿನ ಬಯಲಿಗೆ ಹೋದ. ಟವೆಲ್ ಹಣಿ ಮ್ಯಾಲಿಂದ ಇಳಿಬಿಟ್ಟುಕೊಂಡು, ಮೊಣಕಾಲಿಂದ ಕೆಳಗಷ್ಟ ಕಾಣಂಗ ಬಗ್ಗಿ ಕುಂತ. ಕಾಲು ಬಂದ್ವು, ಕಾಲು ಬಿದ್ವು, ಕಾಲು ಸಿಕ್ಕಿಬಿದ್ವು. ಅವುಗಳ ನಡುವ ಒಂದ ಜೋಡಿ ಕಾಲು, ಆಹಾ! ಅತ್ತ ಜಿಗದ್ವು, ಇತ್ತ ಜಿಗದ್ವು, ಈ ಅಂಗಳ, ಆ ಅಂಗಳ, ಎಲ್ಲಾ ಕಡೆ ಅವ! ಎಂಥಾ ಗದ್ದಲದಾಗೂ ಒಬ್ಬನೂ ಅವನ್ನ ಮುಟ್ಟಲಿಲ್ಲ.

"ಇವು ಯಾರ ಕಾಲ್ರಿ?" ಅಂತ ಕೇಳಿ ಹೆಸರು ತಗೊಂಡ, ಓಡಿಹೋಗಿ ಉಳಿದ ಬೀಜದಾಗ ಅರ್ಧ ಇಟ್ಟ. ಅಂಗಡಿ ಮುಂದ ಕುಂತವರು ಒಬ್ಬರ ಮ್ಯಾಲೆ ಒಬ್ಬರು ಬಿದ್ದು ನಕ್ರು. ಗದಿಗೆಪ್ಪಾನೂ ನಕ್ಕ. ಯಾಕ ಅಂತ ಮನಿಗೆ ಬಂದ ಮ್ಯಾಲೆ ಗೊತ್ತಾತು.

"ಅಂಪೈರ್!" ತಂಗೆವ್ವ ಹಂಚಿನ ಮ್ಯಾಲಿನ ರೊಟ್ಟಿ ಮರೆತು ಕೂಗಿದ್ಲು. "ಅಂಪೈರನ್ನ ತಗೊಂಡು ಬಂದೀಯಲ್ಲೋ ಮಹಾರಾಯ!"

"ಅವನ್ನ ಯಾರೂ ಹಿಡಿಯಲಿಲ್ಲ ಯವ್ವಾ!"

"ಅವನ್ನ ಯಾಕ ಹಿಡೀತಾರೋ! ಸಾಕು, ನಿನ್ನ ಬುದ್ಧಿಗೆ ಇನ್ನ ಕೆಲಸ ಕೊಡೂದ ಬ್ಯಾಡ. ಮೌಲಾಸಾಬ ಯಾವುದನ್ನ ಬ್ಯಾಡ ಅಂತಾನೋ ಅದನ್ನ ತಗೊಂಡು ಬಾ! ಅವನಿಗೆ ಬ್ಯಾಡಾದದ್ದು ನಮಗ ಬೇಕು. ಹೋಗು!"

ಹೋದ. ಅಂಗಡಿ ಕಂಬಕ್ಕ ಆತುಗೊಂಡು ಮೌಲಾಸಾಬನ ಬಾಯಿ ನೋಡಕೋತ ನಿಂತ. ಚಾದಂಗಡಿಯಾಂವ ಬಂದ. ಮೌಲಾಸಾಬ "ಈಗ ಚಾ ಬ್ಯಾಡಪಾ" ಅಂದ. ಗದಿಗೆಪ್ಪ ಚಾ ತಗೊಂಡ. ಒಬ್ಬಾಂವ ಸವೆದ ಟೈರ್ ಮಾರಾಕ ತಂದಿದ್ದ. "ಬ್ಯಾಡ, ಇದರಾಗ ಏನೈತಿ" ಅಂದ ಮೌಲಾಸಾಬ. ಗದಿಗೆಪ್ಪ ಟೈರ್ ಕೊರಳಿಗೆ ಹಾಕೊಂಡ. ಮೌಲಾಸಾಬನ ಹೆಂಡತಿ ಮನ್ಯಾಗಿಂದ ಹಾಗಲಕಾಯಿ ಪಲ್ಯ ಕಳಿಸಿದ್ಲು. "ಇದನ್ಯಾರ ತಿಂತಾರ, ಬ್ಯಾಡ!" ಗದಿಗೆಪ್ಪ ಡಬ್ಬಿ ಬಗಲಿಗೆ ಇಟಗೊಂಡ.

ಅಷ್ಟೊತ್ತಿಗೆ ಬೀಜ ಇಡೋರು ಕೂಡಿದ್ರು. ಯಾರೋ ಯಮನೂರನ ಹೆಸರು ಕೂಗಿದ್ರು. ಯಮನೂರ ಹಿಂದಕ ಭಾರಿ ರೇಡರ್, ಮೊಣಕಾಲು ಮುರಕೊಂಡು ಮನಿ ಹಿಡಿದಿದ್ದ. ಈಗ ತಿರುಗಿ ಬಂದಾನ ಅಂತ ಸುದ್ದಿ, ನಂಬಿದವರು ಯಾರೂ ಇಲ್ಲ.

"ಬ್ಯಾಡ ಬ್ಯಾಡ," ಅಂದ ಮೌಲಾಸಾಬ, "ಆ ಮೊಣಕಾಲಿಗೆ ಬೀಜ ಹಾಕೂದಕ್ಕಿಂತ ಗಟಾರಕ್ಕ ಹಾಕೂದು ಚಲೋ."

"ನಮಗ ಬೇಕು!" ಗದಿಗೆಪ್ಪ ಚಾ ಚೆಲ್ಲಿಕೊಂಡು ಮುಂದ ಬಂದ. ಒಂದ ಬೀಜಕ್ಕ ಯಮನೂರ ಅವನ ಪಾಲಾದ.

ಟೈರ್ ಹಾಕೊಂಡು, ಹಾಗಲಕಾಯಿ ಹಿಡಕೊಂಡು ಬಂದ ಮಗನ್ನ ನೋಡಿ ತಂಗೆವ್ವ ಬೈಯಾಕ ಬಾಯಿ ತೆರೆದ್ಲು. ಯಮನೂರನ ಹೆಸರು ಕೇಳಿ ಅರ್ಧಕ್ಕ ನಿಂತ್ಲು.

"ಕುಂಟತಾನೇನೋ?"

"ಗೊತ್ತಿಲ್ಲ ಯವ್ವಾ. ಈ ಸಲ ನೀ ಕಾಲು ನೋಡು ಅಂದಿದ್ದಿಲ್ಲಲ್ಲ."

ಆಯಿತವಾರ ಯಮನೂರ ಬಯಲಿಗಿಳಿದ. ಮನ್ಯಾಗ ಕುಂತು ಕುಂತು ಸಿಟ್ಟು ಕಟ್ಟಿಕೊಂಡಿದ್ದ ಮನಶಾ, ಹೋದ ಹೋದಲ್ಲಿ ಮುಟ್ಟಿದ, ಮುಟ್ಟಿ ಮುಟ್ಟಿ ಬಂದ. ಮುಂದಿನ ವಾರಾನೂ ಹಂಗ. ಅದರ ಮುಂದಿನ ವಾರಾನೂ ಹಂಗ. ತಂಗೆವ್ವನ ಹೆಸರಿನ ಮುಂದಿನ ಪಾಯಿಂಟು ಬಳ್ಳಿ ಹಬ್ಬಿದಂಗ ಹಬ್ಬಿತು. ಆ ಕಡೆ ಮೌಲಾಸಾಬ ರಾಶಿ ಬೀಜ ಸುರಿದು ತಗೊಂಡಿದ್ದ ಹೆಸರಾಂತ ರೇಡರ್ ನಡುವ ಮದುವಿ ಆಗಿ ಹೆಂಡತಿ ಊರಿಗೆ ಹೋಗಿಬಿಟ್ಟ. ಇನ್ನೊಬ್ಬನ್ನ ಹಿಡಿಯಾಕ ಬೀಜ ಉಳಿದಿರಲಿಲ್ಲ, ಮೌಲಾಸಾಬ ಜಾರಿ ಜಾರಿ ಕೆಳಗ ಬಂದ.

ಆ ವಾರಗಳಾಗ ತಂಗೆವ್ವ ಮಗನ್ನ ಬೈಯಲಿಲ್ಲ. ಗದಿಗೆಪ್ಪಗ ಊಟ ಸೇರಲಿಲ್ಲ. "ಯವ್ವಾ, ನಿನಗ ಮೈಯಾಗ ಆರಾಮ ಇಲ್ಲೇನು?" ಅಂತ ಕೇಳಿದ. ಆಕಿ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದ್ಲು.

ಕಡೀ ಆಯಿತವಾರ ಬಂತು. ಎಲ್ಲಾರಕಿಂತ ಕೆಳಗ ಇದ್ದವರು ಇಬ್ಬರ, ತಂಗೆವ್ವ ಮತ್ತು ಮೌಲಾಸಾಬ, ಸರೀಸಮ. ಯಮನೂರ ಒಂದ ಪಾಯಿಂಟ್ ತಂದ್ರ ತಂಗೆವ್ವ ಗೆದ್ಲು. ತರದಿದ್ರ ಮೌಲಾಸಾಬ ಉಳಕೊಂಡ, ಯಾಕಂದ್ರ ಸಮ ಆದ್ರ ಹೆಚ್ಚು ಬೀಜ ಖರ್ಚು ಮಾಡಿದಾಂವ ಮ್ಯಾಲೆ ಅಂತ ಅವರ ಕಾಯದೆ. ಯಾವ ದೊಡ್ಡ ತಲಿ ಆ ಕಾಯದೆ ಮಾಡಿತ್ತೋ, ಗದಿಗೆಪ್ಪನ ತಲಿ ಅಂತೂ ಅಲ್ಲ.

ಮುಂಜಾನೆ ಮೌಲಾಸಾಬ ಖಾನಾವಳಿ ಬಾಗಿಲಿಗೆ ಬಂದ. "ಗದಿಗೆಪ್ಪಾ, ಯಮನೂರನ್ನ ನನಗ ಬಿಟ್ಟುಕೊಡು. ಗಂಟಿ ಇರೋ ಸೈಕಲ್ ಕೊಡ್ತೀನಿ!"

ಗದಿಗೆಪ್ಪನ ಕಣ್ಣು ಗಂಟಿ ಕಡೆ ಹೊಳ್ಳಿದ್ದು ಕಂಡು ತಂಗೆವ್ವ ಒಳಗಿಂದ ಓಡಿಬಂದ್ಲು.

"ಖಬರ್ದಾರ್! ಏನ ಆದ್ರೂ ಯಮನೂರನ ಕೈ ಬಿಡಬ್ಯಾಡ! ಯಾರು ಏನ ಕೊಟ್ರೂ, ಯಾರು ಏನ ಅಂದ್ರೂ, ಕೈ ಬಿಡಬ್ಯಾಡ! ನಾ ಹಂಚು ಇಳಿಸಿ ಬಯಲಿಗೆ ಬರ್ತೀನಿ."

"ಹೂಂ ಯವ್ವಾ!"

ಹೋದ. ಯಮನೂರ ಬಯಲಾಗ ಮೊಣಕಾಲಿಗೆ ಎಣ್ಣಿ ತಿಕ್ಕಿಕೋತ ಕುಂತಿದ್ದ. ಗದಿಗೆಪ್ಪ ಅವನ ಎಡಗೈ ಗಟ್ಟಿಯಾಗಿ ಹಿಡಿದ.

"ಏನೋ ತಮ್ಮಾ?"

"ಅವ್ವ ಹೇಳ್ಯಾಳ."

ಯಮನೂರ ನಕ್ಕ. ಬಿಡಿಸಿಕೊಳ್ಳಾಕ ನೋಡಿದ, ಬರಲಿಲ್ಲ. ಎಳೆದ, ಬರಲಿಲ್ಲ. ತಂಡದ ಬನಿಯನ್ ಹಾಕೊಳ್ಳಾಕ ಹೋದ, ಅರ್ಧ ಬನಿಯನ್ ಗದಿಗೆಪ್ಪನ ತೋಳಿಗೆ ಹೋತು. ಅಂಪೈರ್ ಸೀಟಿ ಊದಿ ಊದಿ ಕೆಂಪಾದ. ಎದುರಿನ ತಂಡದ ನಾಯಕ ಮಾತ್ರ ಹೊಟ್ಟಿ ಹಿಡಕೊಂಡು ನಕ್ಕ: "ಇರಲಿ ಬಿಡ್ರಿ! ದನದಂಗ ದಾವಣಿ ಕಟ್ಟಿದ ರೇಡರ್ ಬಂದ್ರ ನಮಗ ಚಲೋ ಆತು. ಆ ಎರಡನೇದಾಂವ ಮಾತ್ರ ನಡುಗೆರಿ ದಾಟಬಾರದು!"

ಆಟ ಶುರು ಆತು. ಗದಿಗೆಪ್ಪ ಗೆರಿ ಮ್ಯಾಲಿಂದ ತೋಳು ಚಾಚಿ ಈಚೆಗೆ ಗೂಟದಂಗ ನಿಂತ, ಯಮನೂರ ಆಚೆಗೆ ಮೇಕಿಯಂಗ ಎಳದಾಡಿದ. ಕಾಲು ಚಾಚಿದ, ನಿಲುಕಲಿಲ್ಲ. ಮತ್ತ ಹೋದ, ನಿಲುಕಲಿಲ್ಲ. ಮಂದಿ ನಕ್ಕು ನಕ್ಕು ನೆಲಕ್ಕ ಬಿದ್ರು. ಹೊತ್ತು ಇಳೀತು. ಕಡೀ ರೇಡ್ ಬಂತು.

ಈ ಸಲ ಯಮನೂರ ನೆಲಕ್ಕ ಅಡ್ಡಬಿದ್ದು ಹಾವಿನಂಗ ಕಾಲು ಬೀಸಿದ. ಹೆಬ್ಬೆರಳು ಒಬ್ಬನ ಹಿಮ್ಮಡಿಗೆ ತಾಗಿತು! ತಾಗಿದ್ದ ತಡ, ಇಡೀ ತಂಡ ಅವನ ಕಾಲ ಮ್ಯಾಲೆ ಬಿತ್ತು. ಆ ಕಡೆ ಅವರು ಎಳೆದ್ರು, ಈ ಕಡೆ ಗದಿಗೆಪ್ಪ ಎಳೆದ. ರೊಟ್ಟಿ ಹಿಟ್ಟು ನಾದಿದ ತೋಳು, ಸೋಲಲಿಲ್ಲ. ಯಮನೂರ "ಕಬಡ್ಡಿ ಕಬಡ್ಡಿ" ಅನಕೋತ ಇಂಚು ಇಂಚು ಈಚೆ ಬಂದ. ಅವನ ಬೆರಳು ಗೆರಿ ಹತ್ತರ ಬಂತು, ಗೆರಿ ಮುಟ್ಟಿದ್ರ ಪಾಯಿಂಟು. ನಗು ನಿಂತಿತು. ಮಂದಿ ಎದ್ದು ನಿಂತು "ಎಳಿ ಗದಿಗೆಪ್ಪಾ! ಎಳಿ!" ಅಂತ ಕೂಗಿದ್ರು. ಜೀವಮಾನದಾಗ ಮೊದಲನೇ ಸಲ ಇಡೀ ಊರು ತನ್ನ ಹೆಸರು ಕೂಗೋದು ಕೇಳಿ ಗದಿಗೆಪ್ಪನ ಎದಿ ಉಬ್ಬಿತು. ಇನ್ನ ಒಂದ ಬೆರಳು. ಅಷ್ಟ.

ಅದ ಹೊತ್ತಿಗೆ ಹಂಚು ಇಳಿಸಿ ಬಂದ ತಂಗೆವ್ವ ಮಂದಿ ಸರಿಸಿ ಮುಂದ ನಿಂತ್ಲು. ಆಕಿಗೆ ಕಂಡದ್ದು ಒಂದ: ತನ್ನ ಮಗ ತಮ್ಮ ರೇಡರ್‌ನ ಕೈ ಹಿಡದು ಜಗ್ಗಾಡಾಕ ಹತ್ಯಾನ.

"ಬಿಡೋ!" ಅಂತ ಚೀರಿದ್ಲು. "ಅವನ ಕೈ ಬಿಡೋ ಮೂಢಾ!"

ಗದಿಗೆಪ್ಪ ಅವ್ವನ ಮಾತು ಎಂದಾರ ಮೀರ್ಯಾನೇನು? ಬಿಟ್ಟ.

ಯಮನೂರ ಬಾವ್ಯಾಗ ಕೊಡ ಜಾರಿದಂಗ ಸರ್ರ್ ಅಂತ ಹಿಂದ ಹೋದ. ಮಂದಿ ರಾಶಿಯೊಳಗ ಮುಳುಗಿದ. 'ಕಬಡ್ಡಿ' ನಿಂತಿತು. ಸೀಟಿ ಬಿತ್ತು. ಈ ವರ್ಷಾನೂ ಹೋಳಿಗಿ ತಂಗೆವ್ವನ ಪಾಲಿಗೆ.

ಕೂಗ್ತಿದ್ದ ಮಂದಿ ತಲಿ ಮ್ಯಾಲೆ ಕೈ ಹೊತ್ರು. ಮೌಲಾಸಾಬ ಕೂಡ ಗೆದ್ದೆ ಅಂತ ಕೂಗೂದು ಮರೆತ.

ಗದಿಗೆಪ್ಪ ಕೈ ಒರಸಿಕೋತ ಅವ್ವನ ಹತ್ತರ ಬಂದ. "ಬಿಟ್ಟೆ ಯವ್ವಾ."

ತಂಗೆವ್ವ ಗೆರಿ ನೋಡಿದ್ಲು, ಬೆರಳ ಗುರುತು ನೋಡಿದ್ಲು. ಅದು ಎಷ್ಟು ಹತ್ತರ ಬಂದಿತ್ತು ಅನ್ನೂದು ಆಗ ಆಕಿಗೆ ತಿಳೀತು. ಬಿಡು ಅಂದಾಕಿ ಯಾರು? ತಾನ. ಹಿಡಿ ಅಂದಾಕಿ ಯಾರು? ತಾನ. ಬೈಯಾಕ ಬಾಯಿ ತೆರೆದ್ಲು, ಯಾರನ್ನ ಬೈಯಬೇಕು ಅನ್ನೂದು ತಿಳೀಲಿಲ್ಲ. ಕಡೀಕ ರೂಢಿ ಮಾತು ಒಂದ ಬಂತು:

"ಹೋಗೋ! ನನ್ನ ಕಣ್ಣ ಮುಂದ ನಿಂದ್ರಬ್ಯಾಡ!"

"ಹೂಂ ಯವ್ವಾ," ಅಂದ ಗದಿಗೆಪ್ಪ. ಸುತ್ತು ಹಾಕಿ ಹೋಗಿ ಆಕಿ ಬೆನ್ನ ಹಿಂದ ನಿಂತ.

ಆಕಿ ಹೊಳ್ಳಿ ನೋಡಿದ್ಲು. ಅಂವ ಲಗುನ ಮತ್ತ ಬೆನ್ನ ಹಿಂದ ಹೋದ. ಆಕಿ ಬಲಕ್ಕ ಹೊಳ್ಳಿದ್ಲು, ಅಂವ ಬೆನ್ನ ಹಿಂದ. ಎಡಕ್ಕ ಹೊಳ್ಳಿದ್ಲು, ಬೆನ್ನ ಹಿಂದ. ಬುಗುರಿ ತಿರುಗಿದಂಗ ಅವ್ವ ಮಗ ನಡುಬಯಲಾಗ ತಿರುಗಿದ್ರು. ತಿರುಗಿ ತಿರುಗಿ ತಂಗೆವ್ವಗ ತಲಿ ಸುತ್ತಿತು, ನಗು ಬಂತು, ಕಣ್ಣಾಗ ನೀರೂ ಬಂತು. ಸೆರಗಿನಿಂದ ಮಾರಿ ಒರಸಿಕೊಂಡು ಮನಿ ದಾರಿ ಹಿಡಿದ್ಲು. ದಾರಿಯುದ್ದಕ್ಕೂ ಆಕಿ ಒಂದ ಸಲಾನೂ ಹಿಂದ ನೋಡಲಿಲ್ಲ. ಅಂವ ಒಂದ ಸಲಾನೂ ಮುಂದ ಬರಲಿಲ್ಲ.

ಅವರು ಹಂಗ ಮನಿ ಮುಟ್ಟಿದ್ರು. ನಾವು ನೀವು ಹಿಂಗ ಇಲ್ಲಿಗೆ ಮುಟ್ಟಿದ್ವಿ.